ಕ್ರೂಸ್ ದುಡ್ಡು ವಸೂಲಾಗುತ್ತಾ? ಬುಕ್ ಮಾಡೋಕ್ ಮುಂಚೆ ಹೀಗ್ ಲೆಕ್ಕ ಹಾಕಿ

ಮುಂಬೈಯಿಂದ ಗೋವಾ, ಲಕ್ಷದ್ವೀಪದ ಕಡೆ ಹೋಗೋ ಕಾರ್ಡೇಲಿಯಾ ಕಂಪನಿಯ ಥರದ ಕ್ರೂಸ್ (ಹಡಗಲ್ಲೇ ಉಳ್ಕೊಂಡು ಸುತ್ತೋ ಟ್ರಿಪ್) ಯೋಚ್ನೆ ಇದ್ರೆ ಮೊದ್ಲು ಪೇಮೆಂಟ್ ಪೇಜ್ ತನಕ ಹೋಗಿ ಒಟ್ಟು ಎಷ್ಟಾಗುತ್ತೆ ನೋಡಿ, ಯಾಕಂದ್ರೆ ಜಾಹೀರಾತಲ್ಲಿರೋದು ಸಾಮಾನ್ಯವಾಗಿ ಇಬ್ರು ಒಂದ್ ರೂಮಲ್ಲಿದ್ರೆ ತಲೆಗಿಷ್ಟು ಅನ್ನೋ ರೇಟು, ಅದ್ರ ಮೇಲೆ ಪೋರ್ಟ್ ಚಾರ್ಜು, ಟಿಪ್ಸು, ಜಿಎಸ್‌ಟಿ ಬಂದು ಕೂತ್ಕೊಳ್ಳುತ್ತೆ. ಬೆಂಗ್ಳೂರಿನವ್ರು ಮುಂಬೈ ಫ್ಲೈಟು, ಬೇಕಾದ್ರೆ ಒಂದ್ ರಾತ್ರಿ ಹೋಟೆಲ್ಲು ಕೂಡ ಸೇರಿಸ್ಕೊಳ್ಳಿ.

ಊಟ, ಶೋ, ಸ್ವಿಮ್ಮಿಂಗ್ ಪೂಲು ಸಾಮಾನ್ಯವಾಗಿ ಟಿಕೆಟ್‌ನಲ್ಲೇ ಬರುತ್ತೆ. ಡ್ರಿಂಕ್ಸು, ವೈಫೈ, ದಡದ ಟೂರು ಮಾಮೂಲಾಗಿ ಬೇರೆ.

ರೂಮ್ ವಿಷ್ಯದಲ್ಲಿ ಮಾತ್ರ ಅವಸರ ಬೇಡ. ಇಂಟೀರಿಯರ್, ಅಂದ್ರೆ ಹಡಗಿನ ಒಳಭಾಗದ ರೂಮು ಅಗ್ಗ, ಆದ್ರೆ ಕಿಟಕಿನೇ ಇರಲ್ಲ, ಲೈಟ್ ಆಫ್ ಮಾಡಿದ್ರೆ ಬೆಳಗಾಯ್ತೋ ಇಲ್ವೋ ಗೊತ್ತಾಗಲ್ಲ, ಮಲಗೋಕಷ್ಟೇ ಹೋಗೋರಿಗೆ ಅದೇ ಸಾಕು. ವಾಂತಿ ಬರೋರು ಹಡಗಿನ ಮಧ್ಯಭಾಗದಲ್ಲಿ, ಕೆಳಗಿನ ಡೆಕ್ಕಲ್ಲಿ (ಮಹಡಿಯಲ್ಲಿ) ರೂಮ್ ತಗೊಳ್ಳಿ, ಅಲ್ಲಿ ಅಲುಗಾಟ ಕಮ್ಮಿ.

ಲಕ್ಷದ್ವೀಪದಲ್ಲಿ ದೊಡ್ಡ ಹಡಗು ದಡಕ್ಕೆ ಹೋಗಲ್ಲ, ಸಮುದ್ರದಲ್ಲೇ ನಿಂತು ಚಿಕ್ಕ ಬೋಟಲ್ಲಿ ಕರ್ಕೊಂಡ್ ಹೋಗ್ತಾರೆ, ಅಲೆ ಜೋರಿದ್ರೆ ದ್ವೀಪಕ್ಕೆ ಇಳಿಯೋದೇ ಕ್ಯಾನ್ಸಲ್ ಆಗಬಹುದು. ಅದಕ್ಕೆ ರಿಫಂಡ್ ರೂಲ್ಸ್ ಓದ್ದೆ ದುಡ್ಡು ಕಟ್ಲೇಬೇಡಿ.

ವಯಸ್ಸಾದ ಅಪ್ಪ ಅಮ್ಮ, ಮಕ್ಳು ಎಲ್ಲಾ ಒಟ್ಟಿಗೆ ಹೋಗಿ, ಪದೇ ಪದೇ ಬ್ಯಾಗ್ ಪ್ಯಾಕ್ ಮಾಡೋ ಗೋಳಿಲ್ದೆ ಹಾಯಾಗಿರೋಕಾದ್ರೆ ನನ್ ಪ್ರಕಾರ ಖಂಡಿತ ವಸೂಲು. ಗೋವಾ ಸುತ್ತೋದೇ ಆಸೆ ಅಂದ್ರೆ ಬಸ್ಸು ಹತ್ತಿ ಹೋಗಿ, ಕ್ರೂಸಲ್ಲಿ ಊರಿಗಂತ ಸಿಗೋದು ಕೆಲವೇ ಗಂಟೆ.