ಆರಿದ್ರೆಯಲ್ಲಿ ಶುರು, ಆಶ್ಲೇಷದಲ್ಲಿ ಪೂರ್ತಿ: 2,300 ಪುಸ್ತಕ ಇಳಿಸಿದ ನನ್ನ ಅನುಭವ

ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. "ಮಳೆಗಾಲದಲ್ಲಿ ಅಲ್ಲಿ ಫೋನೇ ಸಿಗಲ್ಲ, ತೊಂಬತ್ತು ಜಿಬಿ ಇಳಿಸ್ತೀಯಾ? ಶಿವಮೊಗ್ಗಕ್ಕೆ ಬಂದು ನಮ್ಮನೇಲಿ ಕೂತು ಇಳಿಸ್ಕೋ" ಅಂದಿದ್ದರು ಭಾವ. ನಾನು ಹೋಗಲಿಲ್ಲ. ಹಕ್ಕುಸ್ವಾಮ್ಯ ಮುಗಿದ ಹಳೇ ಕನ್ನಡ ಪುಸ್ತಕಗಳ ಸುಮಾರು 2,300 ಪಿಡಿಎಫ್ ಈಗ ನನ್ನ ಹಾರ್ಡ್ ಡಿಸ್ಕಿನಲ್ಲಿವೆ.

ಮೊದಲು ಎಡವಿದ್ದು ಪಟ್ಟಿಯಲ್ಲೇ. ಲಿಂಕುಗಳನ್ನು ವಿಂಡೋಸಿನಲ್ಲಿ ಜೋಡಿಸಿ, ಲಿನಕ್ಸಿಗೆ ತಂದು ಬ್ಯಾಶ್ ಲೂಪಿಗೆ (ಒಂದೊಂದೇ ಸಾಲು ಓದಿ, ಡಬ್ಲ್ಯೂಗೆಟ್ ಎಂಬ ಇಳಿಸುವ ತಂತ್ರಾಂಶಕ್ಕೆ ಕೊಡುವ ಪುಟ್ಟ ಸ್ಕ್ರಿಪ್ಟು) ಕೊಟ್ಟೆ. ಎಲ್ಲಕ್ಕೂ 404, ಅಂದರೆ ಅಂಥ ಫೈಲೇ ಇಲ್ಲ. ಎರಡು ಸಂಜೆ ಹಾಳಾದ ಮೇಲೆ ಲಾಗ್ (ನಡೆದದ್ದರ ದಾಖಲೆ) ನೋಡಿದರೆ ಪ್ರತಿ ಲಿಂಕಿನ ಬಾಲಕ್ಕೆ ಶೇಕಡಾ ಚಿಹ್ನೆ, ಸೊನ್ನೆ, ಡಿ ಅಂಟಿಕೊಂಡಿದೆ. ವಿಂಡೋಸ್ ಸಾಲಿನ ಕೊನೆಗೆ ಸೇರಿಸುವ ಕಾಣದ ಅಕ್ಷರ ಅದು. ತೆಗೆದ ಕೂಡಲೇ ಫೈಲ್ ಇಳಿಯತೊಡಗಿದವು.

ಆಮೇಲೆ ಆಸೆ ಜಾಸ್ತಿಯಾಯಿತು. ಎಕ್ಸ್‌ಆರ್ಗ್ಸ್ (ಒಂದೇ ಸಲಕ್ಕೆ ಹಲವು ಕೆಲಸ ಓಡಿಸಬಲ್ಲ ಆಜ್ಞೆ) ಹಾಕಿ ಒಟ್ಟಿಗೆ ಎಂಟು ಫೈಲ್ ಎಳೆದೆ. ಸರ್ವರ್ 429, ಅಂದರೆ ಕೇಳಿದ್ದು ಅತಿಯಾಯಿತು ಅಂದಿತು, ಒಂದು ದಿನ ಬಾಗಿಲೇ ಮುಚ್ಚಿತು. ನಮ್ಮ ಲೈನ್ ಇರುವುದೇ ಎರಡು ಎಂಬಿಪಿಎಸ್, ಎಂಟು ಎಳೆದು ಏನು ಸಿಕ್ಕೀತು?

ದೊಡ್ಡ ಪೆಟ್ಟು ಕೊಟ್ಟದ್ದು ಕರೆಂಟು. ಡಬ್ಲ್ಯೂಗೆಟ್‌ಗೆ ನೋ ಕ್ಲಾಬರ್ ಎಂಬ ಆಯ್ಕೆ ಕೊಟ್ಟಿದ್ದೆ. ಆ ಹೆಸರಿನ ಫೈಲ್ ಡಿಸ್ಕಿನಲ್ಲಿ ಇದ್ದರೆ ಸಾಕು, ಅದು ಮುಟ್ಟದೆ ಮುಂದೆ ಹೋಗುತ್ತದೆ. ಕರೆಂಟು ಹೋದಾಗ ಅರ್ಧಕ್ಕೆ ನಿಂತದ್ದೂ ಅದರ ಲೆಕ್ಕದಲ್ಲಿ ಮುಗಿದದ್ದೇ. ಒಂದು ಬೆಳಿಗ್ಗೆ ಸುಮ್ನೆ ಒಂದು ಪುಸ್ತಕ ತೆರೆದೆ, ತೆರೆಯಲಿಲ್ಲ. ಹುಡುಕಿದರೆ ನೂರನಲವತ್ತರಷ್ಟು ಅಂಥವೇ! ಅಂದಿನಿಂದ ಮೈನಸ್ ಸಿ (-c) ಆಯ್ಕೆ ಬಿಟ್ಟು ಬೇರೆ ಮಾತಿಲ್ಲ. ನಿಂತ ಜಾಗದಿಂದಲೇ ಮುಂದುವರಿಯುತ್ತದೆ.

ಇನ್ನೊಂದು ರಾತ್ರಿ ಪುನರ್ವಸು ಮಳೆಗೆ ಲೈನ್ ಹೋಯಿತು. ಸರ್ವರಿನ ಹೆಸರಿಗೆ ವಿಳಾಸವೇ ಸಿಗದಿದ್ದರೆ ಡಬ್ಲ್ಯೂಗೆಟ್ ಕಾಯುವುದಿಲ್ಲ, ಕೈಬಿಡುತ್ತದೆ. ಲೂಪ್ ಒಂದೂ ಇಳಿಸದೆ ಉಳಿದ ಅಷ್ಟೂ ಸಾಲನ್ನು ಸರಸರ ಮುಗಿಸಿ ಕೂತಿತ್ತು. ಈಗ ಪ್ರತಿ ಫೈಲಿಗೆ ಮೊದಲು ನೆಟ್ ಇದೆಯಾ ನೋಡುತ್ತದೆ, ಇಲ್ಲದಿದ್ದರೆ ಐದು ನಿಮಿಷ ಮಲಗುತ್ತದೆ.

ಖರ್ಚು? ಶುರುವಿಗೆ ಮೊಬೈಲ್ ಡೇಟಾ ನಂಬಿ ಏಳುನೂರು ರೂಪಾಯಿಯಷ್ಟು ಕಳೆದೆ. ರೌಟರಿಗೆ ಪುಟ್ಟ ಯುಪಿಎಸ್, 1,300 ಇರಬೇಕು. ಇಷ್ಟರಲ್ಲಿ ಇದೇ ಸಾರ್ಥಕವಾದ ದುಡ್ಡು. ಲ್ಯಾಪ್‌ಟಾಪಿನ ಬದಲು ಹಳೇ ಮೊಬೈಲಿಗೆ ಟರ್ಮಕ್ಸ್ (ಆಂಡ್ರಾಯ್ಡಿನಲ್ಲಿ ಲಿನಕ್ಸ್ ಆಜ್ಞೆ ಓಡಿಸುವ ಆಪ್) ಹಾಕಿಯೂ ನೋಡಿದೆ. ಪರದೆ ಆರಿದರೆ ಕೆಲಸ ನಿಲ್ಲುತ್ತಿತ್ತು, ವೇಕ್ ಲಾಕ್ (ಫೋನ್ ನಿದ್ದೆಗೆ ಜಾರದಂತೆ ತಡೆಯುವ ಸೌಲಭ್ಯ) ಹಾಕಿದ ಮೇಲೆ ಬೆಳಗಿನ ತನಕ ಓಡಿತು. ಬ್ಯಾಟರಿ ಅದರೊಳಗೇ ಇದೆ ಅಲ್ವಾ. ಕೊನೆಗೆ ಅದನ್ನೇ ಖಾಯಂ ಮಾಡಿದೆ.

ಕನ್ನಡ ಹೆಸರಿನ ಫೈಲುಗಳಿಗೆ ರಿಸ್ಟ್ರಿಕ್ಟ್ ಫೈಲ್ ನೇಮ್ಸ್‌ನಲ್ಲಿ ನೋಕಂಟ್ರೋಲ್ ಕೊಡಿ (ಡಬ್ಲ್ಯೂಗೆಟ್ ಆಯ್ಕೆ: --restrict-file-names=nocontrol). ಇಲ್ಲದಿದ್ದರೆ ಹೆಸರೆಲ್ಲ ಶೇಕಡಾ ಚಿಹ್ನೆಗಳ ಸಾಲಾಗುತ್ತದೆ. ಪಟ್ಟಿ ತೆಗೆದ ಬಗೆ ಮಾತ್ರ ಕೇಳಬೇಡಿ, ಅದು ನನ್ನಲ್ಲೇ ಇರಲಿ.

ಫೈಲಿಂದ ಫೈಲಿಗೆ ಇಪ್ಪತ್ತು ಸೆಕೆಂಡು ಬಿಡುವು, ರಾತ್ರಿಗೆ ಸುಮಾರು ಐದು ಜಿಬಿ, ಕೈಕೊಟ್ಟ ರಾತ್ರಿಗಳೂ ಸೇರಿ ಐದು ವಾರ. ಹನ್ನೊಂದು ಫೈಲು ಇನ್ನೂ 503, ಅಂದರೆ ಸದ್ಯಕ್ಕೆ ಸೇವೆ ಇಲ್ಲ ಅನ್ನುತ್ತಿವೆ. ಅವನ್ನು ಬೇರೆ ಪಟ್ಟಿಗೆ ಹಾಕಿ, ದಿನಾ ರಾತ್ರಿ ಎರಡು ಗಂಟೆ ಹೊತ್ತಿಗೆ ಒಂದು ಸಲ ತಟ್ಟಿ ನೋಡಲು, ಹೇಳಿದ ಸಮಯಕ್ಕೆ ಕೆಲಸ ಶುರುಮಾಡುವ ಕ್ರಾನ್‌ಗೆ ಹೇಳಿದ್ದೇನೆ.