ಪಿಸ್ಟನ್ ಕೈ ಟರ್ಬೈನ್‌ಗೆ ಪಳಗಿದ್ದು

ಮೊದಲ ದಿನ ಕ್ಯಾರವಾನ್ ವಿಮಾನದ ಮೂಗಿನ ಹತ್ತಿರ ನಿಂತಾಗ ಕ್ಯಾಪ್ಟನ್ ಹೇಳಿದರು: "ಆ ಪ್ರೊಪೆಲ್ಲರ್ ಹಿಡ್ದು ತಿರುಗ್ಸು ತಂಗೀ."

ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಬೆಂಗಳೂರಿನ ಜಕ್ಕೂರಿನಲ್ಲಿ ಪಿಸ್ಟನ್ ಎಂಜಿನ್‌ನ ಸಣ್ಣ ವಿಮಾನ ಹಾರಿಸಲು ಕಲಿತವಳು ನಾನು. ನಿಂತ ವಿಮಾನದ ಪ್ರೊಪೆಲ್ಲರ್ ಮುಟ್ಟಬಾರದು ಅನ್ನುವುದು ಅಲ್ಲಿಯ ಮೊದಲ ಪಾಠ. ಪಿಸ್ಟನ್ ಎಂಜಿನ್‌ನಲ್ಲಿ ಕಿಡಿಗೆ ಕರೆಂಟು ಕೊಡುವ ಮ್ಯಾಗ್ನೆಟೋದಿಂದ ಬರುವ ಒಂದು ವೈರ್ ಕಿತ್ತುಹೋಗಿದ್ದರೂ ಸಾಕು, ಕೀ ಜೇಬಲ್ಲಿದ್ದರೂ ಎಂಜಿನ್ ಒಂದು ಸಲ ಕಿಡಿ ಹೊತ್ತಿಸಿ ಬ್ಲೇಡನ್ನು ಬೀಸಿಬಿಡಬಹುದು. ಕೈ ಹೋಗುತ್ತದೆ.

"ಮುಟ್ಟವಾ, ಏನೂ ಆಗೂದಿಲ್ಲ" ಅಂದರು.

ಒಂದೇ ಬೆರಳಲ್ಲಿ ತಳ್ಳಿದೆ. ಜಾತ್ರೆಯ ಗಿರಗಿಟ್ಟಲೆ ಹಾಗೆ ಸುಮ್ನೆ ತಿರುಗಿತು. ಒಳಗಿಂದ ಯಾವ ಬಿಗಿಯೂ ಇಲ್ಲ. ನಾನು ಕಲಿತ ಪಿಸ್ಟನ್ ವಿಮಾನ ಸೆಸ್ನಾ 172ರ ಪ್ರೊಪೆಲ್ಲರ್ ತಿರುಗಿಸಲು ಹೋದರೆ ಸಿಲಿಂಡರ್ ಒತ್ತಡ ಕೈಗೆ ಸಿಗುತ್ತದೆ. ಇಲ್ಲಿ ಎಂಜಿನ್ ಇದೆಯೋ ಇಲ್ಲವೋ ಅನ್ನುವಷ್ಟು ಹಗುರ.

ಕಾರಣ ಆಮೇಲೆ ಹೇಳಿದರು. ಎರಡು ಟೇಬಲ್ ಫ್ಯಾನ್ ಎದುರುಬದುರು ಇಡು. ಒಂದಕ್ಕೆ ಕರೆಂಟು ಕೊಡು. ಅದರ ಗಾಳಿಗೆ ಇನ್ನೊಂದೂ ತಿರುಗುತ್ತದೆ, ನಡುವೆ ಬೆಲ್ಟಿಲ್ಲ, ಗೇರಿಲ್ಲ. ಕ್ಯಾರವಾನ್‌ನ ಪಿಟಿ6 ಅನ್ನುವ ಟರ್ಬೈನ್ ಎಂಜಿನ್ ಅಷ್ಟೇ. ಗಾಳಿಯನ್ನು ಒತ್ತಿ, ಇಂಧನ ಉರಿಸಿ, ಬಿಸಿ ಗಾಳಿ ಮಾಡುವ ಭಾಗ ಒಂದು. ಆ ಗಾಳಿಗೆ ತಿರುಗಿ, ಗೇರ್‌ಬಾಕ್ಸ್ ಮೂಲಕ ಪ್ರೊಪೆಲ್ಲರ್ ಓಡಿಸುವ ಚಕ್ರ ಇನ್ನೊಂದು. ಎರಡಕ್ಕೂ ನಡುವೆ ಬರೀ ಬಿಸಿ ಗಾಳಿ. ತಮಾಷೆ ಅಂದರೆ ಎಂಜಿನ್ ಕೂತಿರುವುದೇ ತಿರುವುಮುರುವಾಗಿ. ಮೂಗಿನ ಕೆಳಗಿಂದ ಬಂದ ಗಾಳಿ ಹಿಂದಕ್ಕೆ ಹೋಗಿ, ಅಲ್ಲಿಂದ ಎಂಜಿನ್ ಒಳಗೆ ನುಗ್ಗಿ ಮುಂದಕ್ಕೆ ಹರಿದು, ಮುಂದೆಯೇ ಹೊಗೆಕೊಳವೆಯಿಂದ ಹೊರಗೆ ಬರುತ್ತದೆ.

ಇಷ್ಟು ಹಗುರವಾಗಿ ತಿರುಗುವುದರಿಂದಲೇ ಸಂಜೆ ವಿಮಾನ ನಿಲ್ಲಿಸಿದ ಮೇಲೆ ಪ್ರೊಪೆಲ್ಲರ್‌ಗೆ ಪಟ್ಟಿ ಕಟ್ಟಬೇಕು. ಇಲ್ಲದಿದ್ದರೆ ರಾತ್ರಿ ಗಾಳಿಗೆ ಅದು ತಿರುಗುತ್ತಲೇ ಇರುತ್ತದೆ, ಒಳಗೆ ಎಣ್ಣೆಯ ಒತ್ತಡ ಇಲ್ಲದೆ ಬೇರಿಂಗ್ ಸವೆಯುತ್ತದೆ. ಮೊದಲ ವಾರ ಪೂರ್ತಿ ಆ ಪಟ್ಟಿ ಕಟ್ಟುವ ಕೆಲಸ ನನ್ನದೇ ಆಗಿತ್ತು.

ಆಗ ನನ್ನ ಲಾಗ್‌ಬುಕ್‌ನಲ್ಲಿ ಇದ್ದದ್ದು 200 ಗಂಟೆ ಚಿಲ್ಲರೆ. ಕಮರ್ಷಿಯಲ್ ಲೈಸೆನ್ಸ್‌ಗೆ ಬೇಕಾದಷ್ಟು. ಬಹುಪಾಲು ಸೆಸ್ನಾ 152, ಆಮೇಲೆ 172. ಜಕ್ಕೂರು ಸಮುದ್ರಮಟ್ಟದಿಂದ ಸುಮಾರು 3000 ಅಡಿ ಎತ್ತರ. ಏಪ್ರಿಲ್ ಮಧ್ಯಾಹ್ನ, ಇಬ್ಬರು ಕೂತು, 110 ಅಶ್ವಶಕ್ತಿಯ 152 ಮೇಲೇರುವುದು ನೋಡಬೇಕು. ಎಮ್ಮೆ ಏರಿ ಹತ್ತಿದ ಹಾಗೆ. ಥ್ರಾಟಲ್ ಪೂರ್ತಿ ಒತ್ತಿ ಹಿಡಿದು ದೇವರನ್ನು ನೆನೆಯುವುದು, ಅಷ್ಟೇ. ಅಲ್ಲಿ ಕೈಗೆ ಒಂದು ಅಭ್ಯಾಸ ಬೀಳುತ್ತದೆ: ಇರುವುದನ್ನೆಲ್ಲ ಕೊಡು, ಬೇಗ ಕೊಡು. ಎಂಜಿನ್ ಬೈದರೂ ಸದ್ದಿನಲ್ಲಿ ಬೈಯುತ್ತದೆ, ಆಗ ಸರಿ ಮಾಡಿಕೊಂಡರಾಯಿತು.

ಕ್ಯಾರವಾನ್‌ನಲ್ಲಿ ನಾನು ಮಾಡಿದ ತಪ್ಪುಗಳೆಲ್ಲ ಈ ಕೈಯಿಂದಲೇ ಆದವು.

ನಾನು ಹಾರಿಸಿದ್ದು ಸೆಸ್ನಾ 208ಬಿ ಗ್ರ್ಯಾಂಡ್ ಕ್ಯಾರವಾನ್, ಗಡಿಯಾರದಂಥ ಹಳೇ ಮೀಟರ್‌ಗಳಿರುವುದು. 675 ಅಶ್ವಶಕ್ತಿ. ಪೂರ್ತಿ ತುಂಬಿದರೆ 4 ಟನ್‌ಗೆ ಸ್ವಲ್ಪ ಕಮ್ಮಿ ತೂಕ. 172 ಹೆಚ್ಚು ಕಮ್ಮಿ 1150 ಕಿಲೋ. ಹೊರಗಿನಿಂದ ನೋಡಿದರೆ 172ಕ್ಕೇ ಗೊಬ್ಬರ ಹಾಕಿ ಬೆಳೆಸಿದ ಹಾಗಿದೆ, ರೆಕ್ಕೆ ಮೇಲೆ, ಚಕ್ರ ಮಡಚುವುದಿಲ್ಲ. ಅದಕ್ಕೇ ಮೋಸ ಹೋಗುತ್ತೇವೆ.

ಓದುವ ಭಾಗದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ವಿಮಾನಯಾನ ನಿಯಂತ್ರಕ ಡಿಜಿಸಿಎ ಪರೀಕ್ಷೆಗೆ ಎಲ್ಲರೂ ಓದಿದ ಹಾಗೆ ಓದಿದೆ. ನಿಜಕ್ಕೂ ಉಪಯೋಗಕ್ಕೆ ಬಂದದ್ದು ರೂಮಿನಲ್ಲಿ ಥರ್ಮೋಕೋಲ್ ಹಾಳೆಗೆ ಸಿಕ್ಕಿಸಿದ ಮೂರು ಐಸ್‌ಕ್ರೀಮ್ ಕಡ್ಡಿ. ಎಂಜಿನ್‌ನ ಶಕ್ತಿ ಏರಿಸಿ ಇಳಿಸುವ ಪವರ್ ಲಿವರ್, ಪ್ರೊಪೆಲ್ಲರ್ ವೇಗ ಹೊಂದಿಸುವ ಪ್ರೊಪ್ ಲಿವರ್, ಇಂಧನ ಬಿಡುವ, ನಿಲ್ಲಿಸುವ ಕಂಡೀಷನ್ ಲಿವರ್. ಗೋಡೆಗೆ ಪ್ಯಾನೆಲ್ ಚಿತ್ರ ಅಂಟಿಸಿ, ಮುಂದೆ ಕುರ್ಚಿ ಹಾಕಿ ರಾತ್ರಿಯೆಲ್ಲ ಅಭ್ಯಾಸ. ರೂಮ್‌ಮೇಟ್ ನಗುತ್ತಿದ್ದಳು. ನಗಲಿ.

ಟರ್ಬೈನ್‌ನಲ್ಲಿ ಗಾಳಿ-ಇಂಧನದ ಪಾಲು ಹೊಂದಿಸುವ ಮಿಕ್ಸ್ಚರ್ ಇಲ್ಲ, ಕಾರ್ಬ್ಯುರೇಟರ್‌ನಲ್ಲಿ ಮಂಜುಗಟ್ಟದ ಹಾಗೆ ಬಿಸಿ ಗಾಳಿ ಕೊಡುವ ಕಾರ್ಬ್ ಹೀಟ್ ಇಲ್ಲ, ಮ್ಯಾಗ್ನೆಟೋ ಚೆಕ್ ಇಲ್ಲ. ಕೆಳಗಿಳಿಯುವಾಗ ಸಿಲಿಂಡರ್ ತಟ್ಟನೆ ತಣ್ಣಗಾಗಿ ಬಿರುಕು ಬಿಟ್ಟೀತು ಅನ್ನುವ ಹೆದರಿಕೆಯೂ ಇಲ್ಲ. ಎಷ್ಟೋ ಕೆಲಸ ಕಮ್ಮಿ. ಕೆಲಸ ಕಮ್ಮಿ ಅಂತ ಹಿಗ್ಗುವಷ್ಟರಲ್ಲಿ ಸ್ಟಾರ್ಟ್ ಮಾಡುವ ಪಾಠ ಬಂತು.

ಪಿಸ್ಟನ್ ಎಂಜಿನ್ ಸ್ಟಾರ್ಟ್ ಆಗದಿದ್ದರೆ ಆಗಲಿಲ್ಲ, ಅಷ್ಟೇ. ಕೆಮ್ಮುತ್ತದೆ, ಮತ್ತೆ ಪ್ರಯತ್ನಿಸುತ್ತೀರಿ. ಟರ್ಬೈನ್ ಎಂಜಿನ್ ಕೆಟ್ಟದಾಗಿ ಸ್ಟಾರ್ಟ್ ಆದರೆ ಆ ಕೆಲವೇ ಸೆಕೆಂಡುಗಳಲ್ಲಿ ಒಳಗಿನ ಬ್ಲೇಡುಗಳು ಸುಟ್ಟುಹೋಗಬಹುದು. ಕ್ರಮ ಸರಳ. ಬ್ಯಾಟರಿ ವೋಲ್ಟೇಜ್ ನೋಡು, 24ಕ್ಕಿಂತ ಕಮ್ಮಿ ಇರಬಾರದು. ಇಂಧನದ ಬೂಸ್ಟ್ ಪಂಪ್ ಹಾಕು. ಸ್ಟಾರ್ಟರ್ ಹಾಕು. ಗಾಳಿ ಒತ್ತುವ ಭಾಗದ ವೇಗ ಎನ್‌ಜಿ ಅನ್ನುವ ಮೀಟರ್‌ನಲ್ಲಿ ಏರುತ್ತದೆ. ಅದು ಕನಿಷ್ಠ 12 ಶೇಕಡಕ್ಕೆ ಬಂದು ನಿಂತ ಮೇಲೆ ಕಂಡೀಷನ್ ಲಿವರ್ ಮುಂದೆ ಮಾಡಿ ಇಂಧನ ಕೊಡು. ಆಮೇಲೆ ಕಣ್ಣು ಐಟಿಟಿ ಮೀಟರ್ ಬಿಟ್ಟು ಕದಲಬಾರದು. ಅದು ಟರ್ಬೈನ್ ಒಳಗಿನ ಬಿಸಿ. ಸ್ಟಾರ್ಟ್ ಮಾಡುವಾಗ ಅದಕ್ಕಿರುವ ಕಟ್ಟಕಡೆಯ ಗೆರೆ 1090 ಡಿಗ್ರಿ, ಅದೂ 2 ಸೆಕೆಂಡು ಮಾತ್ರ. ಎನ್‌ಜಿ 52 ದಾಟಿದ ಮೇಲೆ ಸ್ಟಾರ್ಟರ್ ಆಫ್.

ಇಲ್ಲಿ ಎನ್‌ಜಿಯ 12 ಶೇಕಡ ಯಾಕೆ ಮುಖ್ಯ? ಉರಿಯನ್ನು ತಣ್ಣಗಿಡುವುದು ಗಾಳಿಯೇ. ಒಳಗೆ ಹರಿಯುವ ಗಾಳಿಯಲ್ಲಿ ಉರಿಯುವುದಕ್ಕೆ ಬೇಕಾಗುವುದು ಒಂದು ಪಾಲು, ಉಳಿದದ್ದೆಲ್ಲ ತಂಪು ಮಾಡುವುದಕ್ಕೆ. ಗಾಳಿ ಸಾಲದೆ ಇಂಧನ ಕೊಟ್ಟರೆ ಒಲೆಗೆ ಒಮ್ಮೆಲೇ ಸೀಮೆಎಣ್ಣೆ ಸುರಿದ ಹಾಗೆ. ಬ್ಯಾಟರಿ ಸೋತಿದ್ದರೂ ಅದೇ ಕತೆ, ಹಿಂದಿನಿಂದ ಗಾಳಿ ಬೀಸುತ್ತಿದ್ದರೂ ಬಿಸಿ ಏರುತ್ತದೆ. ಅದಕ್ಕೇ ಮೂಗನ್ನು ಗಾಳಿಗೆ ಎದುರಾಗಿ ನಿಲ್ಲಿಸುವುದು.

ಇಷ್ಟೆಲ್ಲ ಗೊತ್ತಿದ್ದೂ ಏಳನೇ ದಿನ ನನ್ನ ಕೈ ಕೆಡಿಸಿತು. 172ರಲ್ಲಿ ಸ್ಟಾರ್ಟ್ ಮಾಡುವಾಗ ಒಂದು ಚಾಲಾಕಿ ಇದೆ. ಮಿಕ್ಸ್ಚರ್ ಹಿಂದೆ ಎಳೆದಿಟ್ಟು ಸ್ಟಾರ್ಟರ್ ತಿರುಗಿಸುತ್ತೀರಿ, ಎಂಜಿನ್ ಹತ್ತಿಕೊಂಡ ಕ್ಷಣಕ್ಕೆ ಮಿಕ್ಸ್ಚರ್‌ನ ಆ ಕೆಂಪು ಗುಂಡಿಯನ್ನು ಮುಂದೆ ತಳ್ಳಬೇಕು. ತಡ ಮಾಡಿದರೆ ಸತ್ತುಹೋಗುತ್ತದೆ. ನೂರು ಸಲ ಮಾಡಿದ ಕೆಲಸ. ಆ ದಿನ ಬೆಳಗ್ಗೆ ಕ್ಯಾರವಾನ್‌ನ ಸ್ಟಾರ್ಟರ್ ಹಾಕಿದೆ. ಎಂಜಿನ್ ಗುಂಯ್ ಅಂತ ಎದ್ದಿತು. ಆ ಸದ್ದು ಕೇಳಿದ್ದೇ ತಡ, ಕೈ ತಾನಾಗಿಯೇ ಕಂಡೀಷನ್ ಲಿವರ್ ಮುಂದೆ ತಳ್ಳಿತು. ಎನ್‌ಜಿ ಇನ್ನೂ 9.

ಐಟಿಟಿ ಮುಳ್ಳು 600 ದಾಟಿತು. 700. 800. ನಮ್ಮ ವಿಮಾನದಲ್ಲಿ ಅದು ಸಾಮಾನ್ಯವಾಗಿ 700ರ ಆಚೀಚೆ ನಿಂತು ಇಳಿಯುತ್ತಿತ್ತು. ಆ ದಿನ ನಿಲ್ಲಲಿಲ್ಲ. ನಾನು ನೋಡುತ್ತಾ ಕೂತೆ. ಅದೇ ನಾಚಿಕೆ, ಸುಮ್ನೆ ನೋಡುತ್ತಾ ಕೂತೆ. 900 ದಾಟುವಷ್ಟರಲ್ಲಿ ಪಕ್ಕದಿಂದ ಕ್ಯಾಪ್ಟನ್ ಕೈ ಬಂತು. ಲಿವರ್ ಪೂರ್ತಿ ಹಿಂದೆ. ಸ್ಟಾರ್ಟರ್ ಮಾತ್ರ ಆಫ್ ಮಾಡಲಿಲ್ಲ. ಇಂಧನ ಇಲ್ಲದೆ ಬರೀ ಗಾಳಿ ಹಾಯಿಸಿ ಒಳಗಿನ ಬಿಸಿ ಇಳಿಸಿದರು. ಮುಳ್ಳು ನಿಧಾನ ಕೆಳಗೆ ಬಂತು.

ಗೆರೆ ದಾಟಿರಲಿಲ್ಲ. ಆದರೂ ಎಂಜಿನಿಯರ್‌ಗೆ ಹೇಳಿ, ಬರೆಸಿ, ಅವರು ನೋಡಿ ಸರಿ ಅಂದ ಮೇಲೆಯೇ ಮತ್ತೆ ಹತ್ತಿದ್ದು. ಅಲ್ಲಿಯವರೆಗೆ ಕ್ಯಾಪ್ಟನ್ ಬೈಯಲಿಲ್ಲ. ಚಹಾ ಕುಡಿಯುವಾಗ ಅಂದರು: "ಇದೇನ್ ಎತ್ತಲ್ಲ ತಂಗೀ, ಚುಚ್ಚಿದ ಕೂಡ್ಲೆ ಓಡಾಕ. ಮೊದ್ಲ ಬಾಯಿಲೆ ಹೇಳು, ಆಮ್ಯಾಲೆ ಕೈ ಹಾಕು."

ಅವತ್ತಿನಿಂದ ಗಟ್ಟಿಯಾಗಿ ಹೇಳುತ್ತೇನೆ. "ಹತ್ತು. ಹನ್ನೊಂದು. ಹನ್ನೆರಡು. ಹದಿಮೂರು, ನಿಂತಿದೆ. ಇಂಧನ ಕೊಟ್ಟೆ. ಹತ್ತಿತು. ಆರುನೂರು." ಬಾಯಿ ಹೇಳುವ ತನಕ ಕೈ ತೊಡೆ ಮೇಲೆ. ಇಂಧನ ಕೊಡುವ ವ್ಯವಸ್ಥೆ ಕೈಕೊಟ್ಟರೆ ಬಳಸುವ ಎಮರ್ಜೆನ್ಸಿ ಪವರ್ ಲಿವರ್ ತನ್ನ ಮಾಮೂಲಿ ಜಾಗದಲ್ಲಿದೆಯಾ ಅಂತಲೂ ಮುಟ್ಟಿ ಹೇಳುತ್ತೇನೆ. ಅದು ಸ್ವಲ್ಪ ಮುಂದಿದ್ದು ಸ್ಟಾರ್ಟ್ ಮಾಡಿದರೆ ಇಂಧನ ಜಾಸ್ತಿ ಹೋಗಿ ಅದೇ ಅನಾಹುತ.

ಹಾರುವುದರಲ್ಲಿ ಕಷ್ಟವಾದದ್ದು ಇಳಿಯುವುದೇ. ಮೈಸೂರಿನ ಮಂಡಕಳ್ಳಿಯಲ್ಲಿ ಸುತ್ತು ಹೊಡೆಯುತ್ತಿದ್ದೆವು. ಚಾಮುಂಡಿ ಬೆಟ್ಟ ಕಾಣುತ್ತಿತ್ತು, ಹವೆ ಚೆನ್ನಾಗಿತ್ತು, ಅಪ್ರೋಚ್ ಕೂಡ ನೇರ. ರನ್‌ವೇ ಮೇಲೆ ಬಂದಾಗ 172ರಲ್ಲಿ ಮಾಡುವ ಹಾಗೆ ಪವರ್ ಪೂರ್ತಿ ತೆಗೆದು ಮೂಗು ಎತ್ತಿದೆ. 172 ಆಗ ತೇಲುತ್ತದೆ, ಬೇಕಾದಷ್ಟು ಸಮಯ ಕೊಡುತ್ತದೆ. ಕ್ಯಾರವಾನ್ ತೇಲಲಿಲ್ಲ. ಅಕ್ಕಿ ಮೂಟೆ ಹೆಗಲಿಂದ ಜಾರಿದ ಹಾಗೆ ಧಡ್ ಅಂತ ಕೂತಿತು. ಹಿಂದಿನ ಸೀಟುಗಳ ಬೆಲ್ಟ್ ಬಕಲ್‌ಗಳೆಲ್ಲ ಗಲಗಲ ಅಂದವು.

ಪವರ್ ತೆಗೆದಾಗ ಆ ದೊಡ್ಡ ಪ್ರೊಪೆಲ್ಲರ್‌ನ ಬ್ಲೇಡುಗಳು ಚಪ್ಪಟೆಯಾಗಿ ನಿಂತು ತಟ್ಟೆ ಅಡ್ಡ ಹಿಡಿದ ಹಾಗೆ ಗಾಳಿ ತಡೆಯುತ್ತವೆ. ಅದು ಬ್ರೇಕ್. ತಪ್ಪು ಗೊತ್ತಾಗಿ ಮತ್ತೆ ಪವರ್ ಕೊಟ್ಟರೂ ಎಂಜಿನ್ ತಕ್ಷಣ ಏಳುವುದಿಲ್ಲ. ಒಳಗಿನ ಚಕ್ರ ವೇಗ ಹಿಡಿಯಬೇಕು. 100 ಶೇಕಡ ಎನ್‌ಜಿ ಅಂದರೆ ನಿಮಿಷಕ್ಕೆ 37,500 ಸುತ್ತು. ಅಲ್ಲಿಗೆ ಏರಲು ಅದಕ್ಕೆ ಅದರದ್ದೇ ಸಮಯ ಬೇಕು. 172ರಲ್ಲಿ ಥ್ರಾಟಲ್ ಒತ್ತಿದ ಕೂಡಲೇ ಎಳೆತ ಸಿಗುತ್ತದೆ. ಇಲ್ಲಿ ನೀವು ಕೇಳಿದ್ದು ಎರಡು ಮೂರು ಸೆಕೆಂಡು ಆದಮೇಲೆ ಬರುತ್ತದೆ. ನೆಲಕ್ಕೆ ಹತ್ತಡಿ ಇರುವಾಗ ಮೂರು ಸೆಕೆಂಡು ಯಾರ ಹತ್ತಿರ ಇದೆ?

ಹಾಗಾಗಿ ಸ್ವಲ್ಪ ಟಾರ್ಕ್, ಅಂದರೆ ಪ್ರೊಪೆಲ್ಲರ್ ತಿರುಗಿಸುವ ಬಲ, ಇಟ್ಟುಕೊಂಡೇ ಬರುವುದು ಕಲಿತೆ. ಮೂಗು ಎತ್ತುತ್ತಾ ಎತ್ತುತ್ತಾ, ನಲ್ಲಿ ನಿಧಾನ ತಿರುಗಿಸಿದ ಹಾಗೆ, ಪವರ್ ಇಳಿಸುವುದು. ನೆಟ್ಟಗೆ ಬರಲು ಇಪ್ಪತ್ತು ಲ್ಯಾಂಡಿಂಗ್ ಬೇಕಾದವು. ಚಕ್ರ ನೆಲ ಮುಟ್ಟಿದ ಮೇಲೆ ಮಾತ್ರ ಸುಖ. ಪವರ್ ಲಿವರ್ ಎತ್ತಿ ಹಿಂದೆ ತಂದರೆ ರಿವರ್ಸ್, ಪ್ರೊಪೆಲ್ಲರ್ ವಿಮಾನವನ್ನು ಹಿಂದಕ್ಕೆ ನೂಕುತ್ತದೆ. ಮೊದಲ ಸಲ ಮಾಡಿದಾಗ ನಗು ಬಂದಿತ್ತು. ಟ್ಯಾಕ್ಸಿಯಲ್ಲೂ ಹೀಗೇ. ಐಡಲ್‌ನಲ್ಲೇ, ಅಂದರೆ ಪವರ್ ಕೊಡದೆ ಎಂಜಿನ್ ಸುಮ್ನೆ ಓಡುವಾಗಲೇ, ಕ್ಯಾರವಾನ್ ಹಗ್ಗ ಬಿಚ್ಚಿದ ಕರುವಿನ ಹಾಗೆ ಓಡುತ್ತದೆ. ಹೊಸಬರು ಬ್ರೇಕ್ ಒತ್ತಿಕೊಂಡೇ ಹೋಗಿ ಬಿಸಿ ಮಾಡುತ್ತಾರೆ. ಲಿವರ್ ಸ್ವಲ್ಪ ಹಿಂದೆ, ಐಡಲ್‌ಗೂ ರಿವರ್ಸ್‌ಗೂ ನಡುವಿನ ಬೀಟಾಕ್ಕೆ ತಂದರೆ ಬ್ರೇಕ್ ಮುಟ್ಟುವುದೇ ಬೇಡ. ಕಲ್ಲು, ಜಲ್ಲಿ ಇರುವ ಕಡೆ ಮಾತ್ರ ಬೇಡ, ಎತ್ತಿ ಬ್ಲೇಡಿಗೇ ಹೊಡೆದುಕೊಳ್ಳುತ್ತದೆ.

ಟೇಕಾಫ್‌ನಲ್ಲೂ ಆ ಹಳೇ ಕೈಯನ್ನು ಕಟ್ಟಿಹಾಕಬೇಕಾಯಿತು. 172ರಲ್ಲಿ ಪೂರ್ತಿ ಒತ್ತುವುದೇ ಸರಿ. ಇಲ್ಲಿ ಲಿವರ್ ಪೂರ್ತಿ ಒತ್ತಿದರೆ ಎಂಜಿನ್ ತನ್ನ ಮಿತಿ ಮೀರಿ ದುಡಿಯುತ್ತದೆ, ತಡೆಯುವವರು ನೀವೇ. ಟಾರ್ಕ್‌ನ ಗೆರೆ 1865. ಐಟಿಟಿಯ ಗೆರೆ 805. ಯಾವುದು ಮೊದಲು ಮುಟ್ಟುತ್ತದೋ ಅಲ್ಲಿಗೆ ನಿಲ್ಲಿಸಬೇಕು. ತಣ್ಣನೆ ಬೆಳಗ್ಗೆ ಟಾರ್ಕ್, ಬಿಸಿಲು ಮತ್ತು ಎತ್ತರ ಜಾಸ್ತಿ ಆದಲ್ಲಿ ಐಟಿಟಿ. ನಾನು ನಿಂತಲ್ಲೇ 1850ಕ್ಕೆ ಇಟ್ಟು ಹೊರಟೆ, ಜಾಣೆ ಅಂದುಕೊಂಡು. ವೇಗ ಏರಿದ ಹಾಗೆ ಎದುರಿನ ಗಾಳಿ ಒಳಗೆ ಜಾಸ್ತಿ ನುಗ್ಗಿ ಟಾರ್ಕ್ ತಾನಾಗಿಯೇ ಏರತೊಡಗಿತು. ಕ್ಯಾಪ್ಟನ್ ಒಂದು ಬೆರಳಿಂದ ಲಿವರ್ ಹಿಂದೆ ತಂದರು, ಮಾತೇ ಆಡಲಿಲ್ಲ. ಈಗ ಸ್ವಲ್ಪ ಕಮ್ಮಿ ಇಟ್ಟು ಹೊರಟು, ಓಡುತ್ತಾ ಸರಿ ಮಾಡಿಕೊಳ್ಳುತ್ತೇನೆ.

ನಿಲ್ಲಿಸುವಾಗಲೂ ಅವಸರ ಇಲ್ಲ. ಐಡಲ್‌ನಲ್ಲಿ ಬಿಸಿ ಇಳಿದು ಒಂದು ನಿಮಿಷ ಹಾಗೇ ನಿಂತ ಮೇಲೆ ಕಂಡೀಷನ್ ಲಿವರ್ ಹಿಂದೆ. ಪ್ರಯಾಣಿಕರು ಬೆಲ್ಟ್ ಬಿಚ್ಚಿ ಎದ್ದು ನಿಲ್ಲಲು ನೋಡುತ್ತಾರೆ. ಕೂರಿಸಬೇಕು.

ಇಂಧನದ ಲೆಕ್ಕ ಬೇರೆಯೇ ಒಂದು ರಗಳೆ. ಜಕ್ಕೂರಿನಲ್ಲಿ ನೀಲಿ ಬಣ್ಣದ ಅವ್‌ಗ್ಯಾಸ್, ಪೆಟ್ರೋಲ್ ವಾಸನೆ, ಲೀಟರ್ ಲೆಕ್ಕ. ಇಲ್ಲಿ ಟರ್ಬೈನ್‌ನ ಇಂಧನ ಎಟಿಎಫ್, ಬಣ್ಣವಿಲ್ಲ, ಸೀಮೆಎಣ್ಣೆ ವಾಸನೆ, ಲೆಕ್ಕವೆಲ್ಲ ಪೌಂಡ್‌ನಲ್ಲಿ. ಮೀಟರ್ ಪೌಂಡ್ ತೋರಿಸುತ್ತದೆ, ಟ್ಯಾಂಕರ್‌ನವರು ಲೀಟರ್ ಬರೆಯುತ್ತಾರೆ, ನಡುವೆ ಕ್ಯಾಲ್ಕುಲೇಟರ್ ಹಿಡಿದು ನಾನು. ಗಂಟೆಗೆ ಸುಮಾರು 350 ಪೌಂಡ್ ಕುಡಿಯುವ ವಿಮಾನ ಇದು. ಲೆಕ್ಕ ತಪ್ಪಿದರೆ ಸಣ್ಣ ತಪ್ಪಲ್ಲ. ಆರು ತಿಂಗಳಲ್ಲಿ ನಿದ್ದೆಯಲ್ಲೂ ಪೌಂಡ್.

ಹೋದ ಡಿಸೆಂಬರ್‌ನಲ್ಲಿ ರಜೆ ಇತ್ತು. ಜಕ್ಕೂರಿನಲ್ಲಿ ಗೆಳತಿ ಇನ್‌ಸ್ಟ್ರಕ್ಟರ್ ಆಗಿದ್ದಾಳೆ, ಒಂದು ರೌಂಡ್ 172 ಹಾರಿಸೋಣ ಬಾ ಅಂದಳು. ಸ್ಟಾರ್ಟ್ ಮಾಡುವಾಗ ಕೈ ತೊಡೆ ಮೇಲೆ ಇಟ್ಟುಕೊಂಡು ಯಾವುದೋ ಮೀಟರ್ 12ಕ್ಕೆ ಬರಲಿ ಅಂತ ಕಾಯುತ್ತಿದ್ದೆ. ಎಂಜಿನ್ ಹತ್ತಿ, ಇಂಧನ ಸಿಗದೆ ಸತ್ತುಹೋಯಿತು. "ಮಿಕ್ಸ್ಚರ್ ಕಣೇ!" ಅಂತ ಅವಳು ಕಿರುಚಿದಳು. ಅದಕ್ಕೂ ಮುಂಚೆ ಇಂಧನ ತುಂಬಿಸುವಾಗ ಇನ್ನೊಂದು ಆಗಿತ್ತು. ಎಷ್ಟು ಹಾಕಲಿ ಅಂದ ಹುಡುಗನಿಗೆ "ಇನ್ನೂರು ಪೌಂಡ್" ಅಂದಿದ್ದೆ.

ಅವನು ಪೈಪ್ ಕೈಯಲ್ಲೇ ಹಿಡಿದು ನಿಂತ. "ಮೇಡಂ, ಲೀಟರ್‌ನಲ್ಲಿ ಹೇಳಿ."