ಮುದಿ ಕೋಶದ ಹಸಿರು ಬೆಳಕು ನನ್ನನ್ನ ಯಾಮಾರಿಸಿದ್ದು

ಜೀವಕೋಶಗಳಿಗೆ ಮುಪ್ಪು ಬರಲಿ ಅಂತ ನಾನು ಐದು ತಿಂಗಳು ಕಾದೆ. ಐಎಂಆರ್-90 ಅನ್ನೋ ಮನುಷ್ಯರ ಶ್ವಾಸಕೋಶದ ಫೈಬ್ರೋಬ್ಲಾಸ್ಟ್‌ಗಳು, ಅಂದರೆ ಅಂಗಾಂಶಕ್ಕೆ ಆಧಾರ ಕಟ್ಟೋ ಕೋಶಗಳು. ಡಿಶ್ ತುಂಬಿದಾಗಲೆಲ್ಲ ಟ್ರಿಪ್ಸಿನ್ ಅನ್ನೋ ಎಂಜೈಮ್ ಹಾಕಿ ತಳದಿಂದ ಎಬ್ಬಿಸಿ, ಎಣಿಸಿ, ಎರಡು ಡಿಶ್‌ಗೆ ಹಂಚಬೇಕು. ಮೊದಮೊದಲು ಮೂರು ದಿನಕ್ಕೇ ತುಂಬುತ್ತಿತ್ತು, ಹಬ್ಬಕ್ಕೆ ಊರಿಗೆ ಹೋಗೋ ಹಾಗೂ ಇರಲಿಲ್ಲ. ಇಂಥ ಕೋಶಗಳು 40ರಿಂದ 60 ಸಲ ದುಪ್ಪಟ್ಟಾಗಿ ನಿಂತುಬಿಡುತ್ತವೆ. 1961ರಲ್ಲಿ ಹೇಫ್ಲಿಕ್ ಮತ್ತು ಮೂರ್‌ಹೆಡ್ ಅನ್ನೋ ವಿಜ್ಞಾನಿಗಳು ಹೇಳಿದ್ದು ಇದನ್ನೇ. ನನ್ನವು 54ರ ಹತ್ತಿರ ಬಂದಾಗ ಎರಡು ವಾರ ಕಳೆದರೂ ಡಿಶ್ ತುಂಬಲಿಲ್ಲ. ಹಾಗಂತ ಸಾಯಲೂ ಇಲ್ಲ. ಸಪೂರಕ್ಕೆ ಉದ್ದವಾಗಿದ್ದ ಕೋಶಗಳು ದೋಸೆ ಥರ ಅಗಲಕ್ಕೆ ಹರಡಿಕೊಂಡು ಕೂತಿದ್ದವು.

ಮುಪ್ಪು ನಿಜಾನಾ ಅಂತ ನೋಡೋಕೆ ಬೀಟಾ-ಗ್ಯಾಲ್ ಅನ್ನೋ ಎಂಜೈಮನ್ನ ಬಣ್ಣದಲ್ಲಿ ತೋರಿಸೋ ಸ್ಟೇನ್ ಮಾಡುತ್ತೇವೆ. ಪಿಎಚ್ 6ರಲ್ಲಿ ಮುದಿ ಕೋಶ ನೀಲಿಯಾಗುತ್ತದೆ. ಮೊದಲ ಸಲ ನನಗೆ ಎಳೆ ಕೋಶಗಳೂ ನೀಲಿ! ಅಭ್ಯಾಸಬಲದಿಂದ ಡಿಶ್‌ಗಳನ್ನ ಕಾರ್ಬನ್ ಡೈಆಕ್ಸೈಡ್ ಇರೋ ಇನ್ಕ್ಯುಬೇಟರ್‌ನಲ್ಲೇ ಇಟ್ಟಿದ್ದೆ, ಆ ಗ್ಯಾಸ್ ಕರಗಿ ಪಿಎಚ್ 6ಕ್ಕಿಂತ ಇಳಿದಿತ್ತು, ಹಾಗಾದರೆ ಎಳೆ ಕೋಶವೂ ನೀಲಿಯಾಗುತ್ತದೆ. ಗ್ಯಾಸ್ ಇಲ್ಲದ 37 ಡಿಗ್ರಿ ಇನ್ಕ್ಯುಬೇಟರ್‌ನಲ್ಲಿ, ಒಣಗದ ಹಾಗೆ ಪ್ಯಾರಾಫಿಲ್ಮ್ ಸುತ್ತಿ, ರಾತ್ರಿಯಿಡೀ ಇಡಬೇಕು.

ಅಸಲಿ ತಲೆನೋವು ಕೋಶಕ್ಕೆ ಶಕ್ತಿ ತಯಾರಿಸೋ ಮೈಟೊಕಾಂಡ್ರಿಯಾದ್ದು. ಟಿಎಂಆರ್‌ಎಂ ಅನ್ನೋ ಕೆಂಪು ಡೈ ಅವುಗಳ ಪೊರೆಯಲ್ಲಿ ವೋಲ್ಟೇಜ್ ಇರೋ ಕಡೆ ಸೇರಿಕೊಳ್ಳುತ್ತದೆ, ವೋಲ್ಟೇಜ್ ಜಾಸ್ತಿ ಇದ್ದರೆ ಬೆಳಕೂ ಜಾಸ್ತಿ. ನೋಡಿದರೆ ಮುದಿ ಕೋಶಗಳೇ ಜಾಸ್ತಿ ಹೊಳೆಯುತ್ತಿದ್ದವು. ವಯಸ್ಸಾದ ಮೈಟೊಕಾಂಡ್ರಿಯಾ ಸೋತಿರಬೇಕಿತ್ತಲ್ವಾ? ನನ್ನ ಗೈಡ್ ಮೇಡಂ ಹತ್ತಿರ ಓಡಿದೆ. "ಕೋಶ ಎಷ್ಟು ದೊಡ್ಡದಾಗಿದೆ ನೋಡಿದ್ಯಾ? ಒಳಗೆ ಮೈಟೊಕಾಂಡ್ರಿಯಾನೂ ಜಾಸ್ತಿ ಇರುತ್ತೆ, ಅದರ ಲೆಕ್ಕಕ್ಕೆ ಭಾಗಿಸು" ಅಂದರು.

ಸರಿ, ಎಷ್ಟಿದೆ ಅಂತ ಅಳೆಯೋಕೆ ಮೈಟೊಕಾಂಡ್ರಿಯಾಗೆ ಅಂಟೋ ಮೈಟೊಟ್ರ್ಯಾಕರ್ ಗ್ರೀನ್ ಅನ್ನೋ ಹಸಿರು ಡೈ ಹಾಕಿದೆ. ಮುದಿ ಕೋಶಗಳಲ್ಲಿ ಹಸಿರೋ ಹಸಿರು. ಖುಷಿಯಾಗಿ ಗ್ರಾಫ್ ಮಾಡಿ ತೋರಿಸಿದರೆ ಮೇಡಂ ಕೇಳಿದ್ದು ಒಂದೇ: "ಡೈ ಹಾಕದ ಡಿಶ್ ಎಲ್ಲಿ?" ಇರಲಿಲ್ಲ. ಮಾರನೇ ದಿನ ಡೈ ಇಲ್ಲದೆ ನೋಡಿದೆ, ಮುದಿ ಕೋಶಗಳು ಸುಮ್ನೆ ತಾವಾಗಿಯೇ ಹೊಳೆಯುತ್ತಿದ್ದವು. ಲಿಪೊಫಸಿನ್, ಅಂದರೆ ಕೋಶಕ್ಕೆ ಹೊರಹಾಕೋಕೆ ಆಗದೆ ಅದರ ಕಸದ ಬುಟ್ಟಿಯಂಥ ಲೈಸೊಸೋಮ್‌ನಲ್ಲಿ ಕೂಡಿಬಿದ್ದ ಕಸ. ನಾನು ಎರಡು ವಾರ ಕಸಾನೂ ಸೇರಿಸಿ ಎಣಿಸಿದ್ದೆ!

ಆಮೇಲೆ ಎರಡೂ ಬಣ್ಣದ ಲೆಕ್ಕದಿಂದ ಆ ಹೊಳಪನ್ನ ಕಳೆದೆ. ಕೊನೆಯಲ್ಲಿ ಎಫ್‌ಸಿಸಿಪಿ ಅನ್ನೋ ರಾಸಾಯನಿಕ ಹಾಕಿ ವೋಲ್ಟೇಜ್ ಬೀಳಿಸಿ, ಕೆಂಪು ನಿಜಕ್ಕೂ ಆರುತ್ತದಾ ಅಂತಲೂ ನೋಡಿದೆ. ಆಗ ಲೆಕ್ಕ ಕೂಡಿತು: ಮುದಿ ಕೋಶದಲ್ಲಿ ಮೈಟೊಕಾಂಡ್ರಿಯಾ ಜಾಸ್ತಿ, ಆದರೆ ಒಂದೊಂದರ ವೋಲ್ಟೇಜ್ ಕಡಿಮೆ.

ಕಡಿಮೆ ಅಂದ ಮಾತ್ರಕ್ಕೆ ತೆಪ್ಪಗಿರುತ್ತವೆ ಅಂದುಕೊಳ್ಳಬೇಡಿ. 2016ರಲ್ಲಿ ಇಂಗ್ಲೆಂಡಿನ ನ್ಯೂಕಾಸಲ್‌ನ ತಂಡ ಮುದಿ ಕೋಶಗಳಿಂದ ಮೈಟೊಕಾಂಡ್ರಿಯಾವನ್ನೇ ಖಾಲಿ ಮಾಡಿಸಿತು. ಆಗ ಮುದಿ ಕೋಶಗಳು ಅಕ್ಕಪಕ್ಕದ ಕೋಶಗಳಿಗೂ ಉರಿಯೂತ ಹಚ್ಚೋ ರಸಗಳನ್ನ ಸುರಿಸೋದು ಇಳಿಯಿತು, ಕೋಶ ಗ್ಲೂಕೋಸ್ ಒಡೆದು ಬದುಕಿಕೊಂಡಿತು. ನಾನು ಅಷ್ಟು ದೂರ ಹೋಗಿಲ್ಲ. ಹೊರಗಿನ ಗಾಳಿಯ 20 ಪರ್ಸೆಂಟ್ ಆಕ್ಸಿಜನ್ ಬದಲು 3ರಲ್ಲಿ ಬೆಳೆಸಿದರೆ ಈ ಮುಪ್ಪು ಎಷ್ಟು ಮುಂದಕ್ಕೆ ಹೋಗುತ್ತೆ ಅಂತ ನೋಡೋ ಆಸೆ ಇದೆ, ಆಕ್ಸಿಜನ್ ಇಳಿಸೋಕೆ ಬೇಕಾದ ನೈಟ್ರೋಜನ್ ಸಿಲಿಂಡರ್ ಬರಬೇಕಷ್ಟೆ.